ತೊಳೆದ ನೆಲ

ನೆಲ ಜಾರುತ್ತದೆಯೋ ಇಲ್ಲವೋ ಎಂಬುದು ಬೆಳಿಗ್ಗೆ ಆರೂವರೆಯಾದರೂ ಸುಮನಾಗೆ ತೀರ್ಮಾನವಾಗಿರಲಿಲ್ಲ. ನರಸಿಂಹರಾಜಪುರದ ಸಂತೆ ಮಾಳದ ಅಂಚಿನ ಉದ್ದನೆಯ ತಗಡಿನ ಶೆಡ್ಡಿನಲ್ಲಿ ಅವಳೊಬ್ಬಳೇ ನಿಂತು, ಬಲಗಾಲಿನ ಚಪ್ಪಲಿಯನ್ನು ಕಾಂಕ್ರೀಟಿನ ಮೇಲೆ ಒತ್ತಿ ಮುಂದಕ್ಕೆ ತಳ್ಳಿದಳು. ಜಾರಲಿಲ್ಲ. ಎರಡು ಹೆಜ್ಜೆ ಆಚೆ ಹೋಗಿ ಹಾಗೆಯೇ ಮಾಡಿದಳು. ತುಸು ಜಾರಿದಂತಾಯಿತು. ಚಪ್ಪಲಿಯ ಅಟ್ಟೆ ಸವೆದಿರಬಹುದು. ಕಳಚಿಟ್ಟು ಬರಿಗಾಲಲ್ಲಿ ನೋಡಿದಳು. ನೆಲ ತಣ್ಣಗಿತ್ತು, ಸ್ವಲ್ಪ ತೇವವೂ ಇತ್ತು. ಜನವರಿಯ ಮಂಜು ಶೆಡ್ಡಿನ ತೆರೆದ ಬದಿಗಳಿಂದ ಒಳಗೆ ಬಂದು ಕೂತಿತ್ತು. ಮನುಷ್ಯರ ಕಾಲಿಗೆ ಬೆರಳುಗಳಿವೆ, ಅವು ಗೊತ್ತಿಲ್ಲದೆಯೇ ನೆಲವನ್ನು ಹಿಡಿದುಕೊಳ್ಳುತ್ತವೆ. ಗೊರಸಿಗೆ ಹಿಡಿದುಕೊಳ್ಳಲು ಏನಿದೆ? ಅಷ್ಟು ದೊಡ್ಡ ಮೈಯನ್ನು ಹೊತ್ತು ಹಸು ಇಂಥ ನೆಲದ ಮೇಲೆ ಯಾವ ಧೈರ್ಯದಿಂದ ಕಾಲಿಡುತ್ತದೆ ಎಂದು ಯೋಚಿಸುತ್ತ, ಅವಳು ಬರಿಗಾಲಲ್ಲೇ ನಿಂತುಬಿಟ್ಟಳು. ಹತ್ತು ಗಂಟೆಗೆ ತಾಲೂಕಿನ ಹಸುಗಳ ಪ್ರದರ್ಶನ. ಮೂವತ್ತೆರಡು ಹಸು, ಕಡಸುಗಳ ಹೆಸರು ನೋಂದಣಿಯಾಗಿತ್ತು. ಮೂವತ್ತೆರಡನ್ನು ನಾಲ್ಕರಿಂದ ಗುಣಿಸಿದರೆ ಎಷ್ಟು ಕಾಲು ಎಂದು ಲೆಕ್ಕ ಹಾಕಿ, ತನಗೇ ನಾಚಿಕೆಯಾಗಿ ಬಿಟ್ಟಳು.

ನೆಲದ ಕೆಲಸವನ್ನು ಅವಳು ತಾನಾಗಿಯೇ ಕೇಳಿ ತೆಗೆದುಕೊಂಡಿದ್ದಳು. ಮುತ್ತಿನಕೊಪ್ಪದ ಹತ್ತಿರದ ಒಂದು ಮಹಿಳಾ ಹಾಲು ಸಂಘಕ್ಕೆ ಅವಳು ಹನ್ನೊಂದು ವರ್ಷದಿಂದ ಕಾರ್ಯದರ್ಶಿ. ಅಕ್ಷರ ದುಂಡಗಿದೆಯೆಂದು ಪ್ರದರ್ಶನ ಸಮಿತಿಯವರು ಪ್ರತಿ ವರ್ಷವೂ ಬರೆಯುವ ಕೆಲಸವನ್ನು ಅವಳಿಗೇ ಕೊಡುತ್ತಿದ್ದರು. ಈ ಸಲ ಅವಳು ನೆಲ ನೋಡಿಕೊಳ್ಳುತ್ತೇನೆ ಎಂದಾಗ, ಸಮಿತಿಯ ಸಂಚಾಲಕ ವೀರೇಶ್ ನಕ್ಕು, ನೆಲವನ್ನು ನೋಡಿಕೊಳ್ಳುವುದೆಂದರೇನು ಮೇಡಂ, ಅದು ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ ಎಂದಿದ್ದ. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು. ಆಮೇಲೆ ಮೇಸ್ತ್ರಿ ಶೇಷಪ್ಪನನ್ನು ಕರೆಸಿ, ಎರಡು ದಿನ ಎದುರಿಗೇ ನಿಂತು, ಪ್ರಾಣಿಗಳು ನಡೆಯುವ ದಾರಿಯುದ್ದಕ್ಕೂ ಯಂತ್ರದಿಂದ ನೆಲದಲ್ಲಿ ಗೆರೆ ಕೊರೆಸಿದಳು. ಉದ್ದಕ್ಕೊಂದು, ಅಡ್ಡಕ್ಕೊಂದು, ಚೌಕಳಿ ಬಟ್ಟೆಯಂತೆ. ಸಿಮೆಂಟಿನ ಧೂಳು ಅವಳ ಹುಬ್ಬಿನ ಮೇಲೆಲ್ಲ ಕೂತಿತ್ತು. ದನ ಬಂಡೆ ಮೇಲೂ ನಡೆಯುತ್ತದೆ, ಇಷ್ಟು ಉಪಚಾರ ಬಾಣಂತಿಗೂ ಯಾರೂ ಮಾಡುವುದಿಲ್ಲ ಎಂದು ಶೇಷಪ್ಪ ಗೊಣಗಿದ. ಬಂಡೆ ಒರಟಾಗಿರುತ್ತದೆ ಎಂದುಕೊಂಡು ಅವಳು ಮುಂದಿನ ಗೆರೆಯ ಜಾಗ ತೋರಿಸಿದಳು. ಗೆರೆಯ ಮೇಲೆ ತೆಳ್ಳಗೆ ಮರಳು, ಮರಳಿನ ಮೇಲೆ ಮರದ ಮಿಲ್ಲಿನಿಂದ ತರಿಸಿದ ಹೊಟ್ಟು. ಮೊದಲು ಗೋಣಿಚೀಲ ಹಾಸಿ ನೋಡಿದ್ದಳು. ಚೀಲವೇ ಕಾಲಿನಡಿ ಸರಿಯಿತು. ಒಂದನ್ನು ಸರಿಮಾಡಿದರೆ ಇನ್ನೊಂದು ಜಾರುತ್ತಿತ್ತು. ರಾತ್ರಿ ಮಲಗಿದಾಗ ಮನೆಯ ನೆಲವೇ ಓರೆಯಾಗಿರುವಂತೆ ಅನ್ನಿಸುತ್ತಿತ್ತು.

ಹೋದ ವರ್ಷ ನೆಲದ ಮೇಲೆ ಇದ್ದದ್ದು ಕೆಂಪು ಮಣ್ಣು. ಚೋಮ ಹಿಂದಿನ ದಿನವೇ ಬುಟ್ಟಿಯಲ್ಲಿ ಹೊತ್ತು ತಂದು ಹರಡಿದ್ದ. ಚೋಮನೆಂದರೆ ಸಂತೆ ಮಾಳದಲ್ಲಿ ಗುಡಿಸುವುದು, ಹೊರುವುದು ಮಾಡಿಕೊಂಡಿದ್ದ ಐವತ್ತೈದರ ಆಸುಪಾಸಿನ ಆಳು. ಅಂದು ಅತಿಥಿಗಳು ಬರುವುದಕ್ಕೆ ಒಂದು ಗಂಟೆಯಿರುವಾಗ ಅವಳು ಇದೇ ಶೆಡ್ಡಿನ ಒಂದು ಕಂಬದ ಹತ್ತಿರ ನಿಂತಿದ್ದಳು. ಫೋನು ಕಿವಿಯಲ್ಲಿತ್ತು, ಕಣ್ಣು ಕೈಯಲ್ಲಿದ್ದ ಪಟ್ಟಿಯ ಮೇಲಿತ್ತು. ಊಟಕ್ಕೆ ಎಷ್ಟು ಜನ, ಹಾರ ಎಷ್ಟು ಎಂದು ಯಾರೋ ಆ ಕಡೆಯಿಂದ ಕೇಳುತ್ತಿದ್ದರು. ಹಿಂದಿನಿಂದ ಚೋಮನ ದನಿ ಬಂತು. ಧೂಳು ಏಳ್ತದೆ ಅಂತ ವೇದಿಕೆ ಹತ್ರದವ್ರು ಬೈತಿದಾರೆ ಅಮ್ಮ, ಮಣ್ಣು ಗುಡ್ಸಿ ನೆಲ ತೊಳೀಲಾ? ಅವಳು ಹೂಂ ಅಂದಳು. ಅಂದದ್ದು ನಿಜ. ಆದರೆ ಯಾರಿಗೆ? ಆ ಹೊತ್ತಿಗೆ ಫೋನಿನಲ್ಲೂ ಏನೋ ಕೇಳಿದ್ದರು. ಅದಕ್ಕೂ ಹೂಂ ಎಂಬುದೇ ಉತ್ತರವಾಗಿತ್ತು ಎಂದು ಒಂದೊಂದು ದಿನ ಅವಳಿಗೆ ಸ್ಪಷ್ಟವಾಗಿ ನೆನಪಾಗುತ್ತಿತ್ತು. ಇನ್ನೊಂದು ದಿನ, ಫೋನಿನಲ್ಲಿದ್ದವರು ಕೇಳಿದ್ದು ಸಂಖ್ಯೆ, ಸಂಖ್ಯೆಗೆ ಯಾರಾದರೂ ಹೂಂ ಅನ್ನುತ್ತಾರೆಯೇ ಎಂದು ಅಷ್ಟೇ ಸ್ಪಷ್ಟವಾಗಿ ಅನ್ನಿಸುತ್ತಿತ್ತು. ಒಂದಕ್ಷರ. ಅದು ಬಾಯಿಂದ ಹೊರಟು ಯಾವ ಕಿವಿಗೆ ಹೋಯಿತೆಂದು ಒಂದು ವರ್ಷದಿಂದ ಹುಡುಕುತ್ತಿದ್ದಳು. ಹಾಲಿನ ಕೊಬ್ಬು ನೋಡುವ ಯಂತ್ರ ಗುಂಯ್ಗುಟ್ಟುವಾಗ, ಒಲೆಯ ಮೇಲಿನ ಅನ್ನ ಕುದಿಯುವಾಗ, ಅದು ಮತ್ತೆ ಕೇಳಿಸುತ್ತಿತ್ತು.

ತಿರುಗಿ ನೋಡುವಷ್ಟರಲ್ಲಿ ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು, ಫಿನಾಯಿಲಿನ ವಾಸನೆ ಬರುತ್ತಿತ್ತು. ಎಷ್ಟು ಚೊಕ್ಕಟವಾಗಿದೆ ಎಂದು ಅವಳಿಗೆ ಸಂತೋಷವಾಗಿದ್ದೂ ನಿಜ. ಅದನ್ನು ಮಾತ್ರ ಅವಳು ಯಾವ ದಿನವೂ ಮರೆಯಲಿಲ್ಲ. ಐದನೆಯದಾಗಿ ಬಂದದ್ದು, ಸಂಘಕ್ಕೆ ಹಾಲು ಹಾಕುವ ಗಂಗಾಂಬಿಕೆಯ ಹಸು ಬೆಳ್ಳಿ. ಮೂರನೆಯ ಕಂಬದ ಹತ್ತಿರ ತಿರುಗಿಸುವಾಗ ಹಿಂಗಾಲೆರಡೂ ಎರಡು ದಿಕ್ಕಿಗೆ ಹರಿದುಕೊಂಡು ಹೋದವು. ಹೊಟ್ಟೆ ನೆಲಕ್ಕೆ ಬಡಿದ ಸದ್ದು, ಒದ್ದೆ ಬಟ್ಟೆಯ ಗಂಟನ್ನು ಕಲ್ಲಿಗೆ ಒಗೆದಂತೆ. ಮೂರು ಸಲ ಏಳಲು ನೋಡಿತು. ಆಮೇಲೆ ಸುಮ್ಮನೆ ಕತ್ತು ಚಾಚಿ ಜನರನ್ನು ನೋಡುತ್ತ ಮಲಗಿತು. ಅತಿಥಿಗಳು ಆಗ ದೀಪ ಹಚ್ಚುತ್ತಿದ್ದರು. ಹಲಗೆಯ ಮೇಲೆ ಎಳೆದು ಪಿಕಪ್ಪಿಗೆ ಹತ್ತಿಸಿ ಮನೆಗೆ ಒಯ್ದರು. ಏಳನೆಯ ದಿನ ಡಾಕ್ಟರು ಬಂದು, ಇನ್ನು ಇದು ಏಳುವುದಿಲ್ಲ, ಹಿಂಸೆ ಬೇಡ ಎಂದು ಇಂಜೆಕ್ಷನ್ ಕೊಟ್ಟರು. ಆ ಏಳು ದಿನದಲ್ಲಿ ಸುಮನಾ ಒಂದು ಸಲ ಹೋಗಿ, ಅಂಗಳದಲ್ಲಿ ಚಪ್ಪಲಿ ಕಳಚದೆ ನಿಂತು, ಹೇಗಿದೆ ಎಂದು ಕೇಳಿ ಬಂದಿದ್ದಳು. ಕೊಟ್ಟಿಗೆಯೊಳಗೆ ಹೋಗಲಿಲ್ಲ.

ಸಮಿತಿಯ ಸಭೆಯಲ್ಲಿ ವೀರೇಶ್ ಚೋಮನನ್ನು ಬಾಗಿಲ ಹೊರಗೆ ನಿಲ್ಲಿಸಿ, ನೆಲ ತೊಳೆಯಲು ನಿನಗೆ ಯಾರು ಹೇಳಿದರು ಎಂದು ಕೇಳಿದ್ದ. ಚೋಮ ನೆಲ ನೋಡುತ್ತ, ಯಾರೂ ಹೇಳಿಲ್ಲ ಎಂದ. ಅವನು ತನ್ನ ಕಡೆ ಕಣ್ಣೆತ್ತುತ್ತಾನೆಂದು ಸುಮನಾ ಕಾದಳು. ಎತ್ತಲಿಲ್ಲ. ಅಂದರೆ ಹೂಂ ಅಂದದ್ದು ಫೋನಿಗೇ ಎಂದು ಒಂದು ಕ್ಷಣ ಎದೆ ಹಗುರಾಯಿತು. ಮರುಕ್ಷಣವೇ, ಇವನು ತನ್ನನ್ನು ಉಳಿಸುತ್ತಿದ್ದಾನೆ ಎಂದು ತಿಳಿದು ಬೆವರಿದಳು. ಎರಡರ ನಡುವೆ ಅವಳ ಕೈ ತನ್ನ ಪಾಡಿಗೆ ನಡಾವಳಿ ಪುಸ್ತಕದಲ್ಲಿ, ‘ಕೆಲಸಗಾರನ ಅಜಾಗರೂಕತೆಯಿಂದ’ ಎಂದು ದುಂಡಗಿನ ಅಕ್ಷರದಲ್ಲಿ ಬರೆಯಿತು. ಚೋಮನನ್ನು ಆಮೇಲೆ ಸಂತೆ ಮಾಳದ ಕೆಲಸಕ್ಕೆ ಯಾರೂ ಕರೆಯಲಿಲ್ಲ. ಹತ್ತಿರದ ನಾರ್ವೆ ಎಂಬ ಊರಿನ ಕಡೆ ತೋಟದ ಕೆಲಸಕ್ಕೆ ಹೋಗುತ್ತಾನಂತೆ ಎಂದು ಯಾರೋ ಹೇಳಿದ್ದರು. ಗಂಗಾಂಬಿಕೆ ಮಾತ್ರ ಎರಡು ಹೊತ್ತೂ ಸಂಘಕ್ಕೆ ಹಾಲು ತಂದು ಅಳೆಯುತ್ತಿದ್ದಳು. ಸುಮನಾ ಚೀಟಿ ಕೊಡುತ್ತಿದ್ದಳು. ಬಿಸಿಲು ಜೋರು, ಮೇವು ಸಾಲದು, ಇಂಥ ಮಾತು. ಬೆಳ್ಳಿಯ ಹೆಸರನ್ನು ಇಬ್ಬರೂ ಎತ್ತಲಿಲ್ಲ.

ಈಗ ಕೊನೆಗೆ, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಅವಳು ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ ಎರಡೂ ಅಂಗೈಗಳನ್ನು ನೆಲಕ್ಕೂರಿದಳು. ಕೈಯ ಮೇಲೆ ಭಾರ ಬಿಟ್ಟು, ಮೊಣಕಾಲಿನಲ್ಲಿ ಒಂದೊಂದೇ ಹೆಜ್ಜೆ. ಮರದ ಹೊಟ್ಟು ಅಂಗೈಗೆ ಮೆತ್ತಿತು. ಮೂರನೆಯ ಕಂಬದ ಹತ್ತಿರ ತಲೆಯೆತ್ತಿದಾಗ ಅವಳಿಗೆ ವಿಚಿತ್ರವೊಂದು ಕಂಡಿತು. ಹೊಟ್ಟು ಹರಡದ ಕಡೆ ನೆಲವೇ ಕಾಣುತ್ತಿರಲಿಲ್ಲ. ಆ ಎತ್ತರದಿಂದ, ಬದಿಯಿಂದ ಬಂದ ಬೆಳಕು ಕಾಂಕ್ರೀಟಿನ ಮೇಲೆ ನೀರಿನಂತೆ ನಿಂತಿತ್ತು. ನಿಂತು ನೋಡಿದಾಗ ಇಲ್ಲದ ಕೆರೆ. ಹಸುಗಳು ಯಾಕೆ ಇಲ್ಲಿ ಬೆದರುತ್ತವೆ, ಬೆದರಿ ಯಾಕೆ ಸರಕ್ಕನೆ ತಿರುಗುತ್ತವೆ ಎಂಬುದು ಹೊಳೆದಂತಾಗಿ, ಅವಳು ಇನ್ನಷ್ಟು ತಲೆ ತಗ್ಗಿಸಿದಳು. ಆಗ ಹಿಂದೆ ಯಾರೋ ಕೆಮ್ಮಿದರು.

ಗಂಗಾಂಬಿಕೆ ನಿಂತಿದ್ದಳು. ಅರವತ್ತರ ಹೆಂಗಸು, ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಅವಳ ಹಿಂದೆ ಕಪ್ಪು ಬಿಳಿ ಮಚ್ಚೆಯ ಒಂದು ಕಡಸು. ಅದರ ಹಗ್ಗ ಹಿಡಿದು ನಿಂತಿದ್ದವನು ಚೋಮ.

“ಏನಾದ್ರೂ ಕಳ್ಕೊಂಡ್ಯಾ ಸುಮನಾ?” ಎಂದಳು ಗಂಗಾಂಬಿಕೆ.

“ಓಲೆ ತಿರುಪು ಬಿತ್ತು ಗಂಗಕ್ಕ” ಎಂದಿತು ಸುಮನಾಳ ಬಾಯಿ.

ಅಷ್ಟು ಕೇಳಿದ್ದೇ ಚೋಮ ಹಗ್ಗವನ್ನು ಕಂಬಕ್ಕೆ ಸುತ್ತಿ ಬಂದು, ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಹೊಟ್ಟನ್ನು ಬೆರಳಿನಿಂದ ಜಾಲಾಡತೊಡಗಿದ. ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಹಿಡಿ ಹಿಡಿಯಾಗಿ ಎತ್ತಿ, ಊದಿ, ಪಕ್ಕಕ್ಕೆ ಸುರಿದ. ಕಳೆಯದ ವಸ್ತುವನ್ನು ಅವನು ಅಷ್ಟು ಶ್ರದ್ಧೆಯಿಂದ ಹುಡುಕುವುದನ್ನು ನೋಡುತ್ತ ಸುಮನಾಗೆ ಮೈಯೆಲ್ಲ ಬಿಸಿಯಾಯಿತು. ಬಿಡು ಎಂದರೆ ಸುಳ್ಳು ಗೊತ್ತಾಗುತ್ತದೆ, ಬಿಡದಿದ್ದರೆ ಇವನು ಹುಡುಕುತ್ತಲೇ ಇರುತ್ತಾನೆ. ಕಡೆಗೆ ಸಿಕ್ಕಿತು ಎಂದು ಮುಷ್ಟಿ ಮಡಚಿ ಎದ್ದಳು. ಚೋಮ ಅವಳ ಮುಷ್ಟಿಯನ್ನು ನೋಡಿದ, ಎರಡೂ ಕಿವಿಗಳನ್ನು ನೋಡಿದ, ಒಳ್ಳೇದಾಯ್ತಮ್ಮ ಎಂದು ಎದ್ದು ಕೈ ಕೊಡವಿಕೊಂಡ.

ಕಡಸು ಬೆಳ್ಳಿಯ ಮಗಳು. ಚೋಮನನ್ನು ಕರೆದುಕೊಂಡು ಬಂದದ್ದೇಕೆಂದು ಸುಮನಾ ಕೇಳಲಿಲ್ಲ, ಆದರೂ ಗಂಗಾಂಬಿಕೆ ಕಡಸಿನ ಮೈ ಉಜ್ಜುತ್ತ ತಾನಾಗಿ ಹೇಳಿದಳು. ಬೆಳ್ಳಿ ಬಿದ್ದ ಮಾರನೆಯ ದಿನವೇ ಅವನು ಬಂದನಂತೆ. ಯಾರೂ ಕರೆದಿರಲಿಲ್ಲ. ಗಂಡ ರೇಣುಕಪ್ಪ ಮೊದಲು ಬೈದು ಅಟ್ಟಿದರಂತೆ. ಅವನು ಹೋಗದೆ ಕೊಟ್ಟಿಗೆಯ ಹೊರಗೆ ಕೂತನಂತೆ. ಬಿದ್ದ ಹಸುವನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಮೈ ಕೊಳೆಯುತ್ತದೆ, ರೇಣುಕಪ್ಪ ಒಬ್ಬರಿಂದಲೇ ಆಗುವ ಕೆಲಸವಲ್ಲ. ಆರು ದಿನ ಚೋಮನೇ ಹೊರಳಿಸಿದನಂತೆ. ಕಡಸಿಗೆ ಗೊರಸು ಕತ್ತರಿಸಿ ಸಮ ಮಾಡಿದ್ದೂ, ದಿನಾ ಸಂಜೆ ಅಂಗಳದ ಚಪ್ಪಡಿಯ ಮೇಲೆ ನಿಧಾನ ನಡೆಸಿ ರೂಢಿ ಮಾಡಿಸಿದ್ದೂ ಅವನೇ. ಗಂಗಾಂಬಿಕೆಯ ದನಿಯಲ್ಲಿ ಯಾವ ಕೊಂಕೂ ಇರಲಿಲ್ಲ. ಇದೇ ಸುಮನಾಳನ್ನು ಕಂಗೆಡಿಸಿತು. ಇವಳಿಗೆ ಗೊತ್ತಿದೆಯೇ? ಗೊತ್ತಿದ್ದರೆ ಇಷ್ಟು ದಿನ ಹೇಗೆ ಎದುರಿಗೆ ನಿಂತು ಮಾತಾಡಿದಳು? ಗೊತ್ತಿಲ್ಲದಿದ್ದರೆ ಇದನ್ನೆಲ್ಲ ತನಗೇ ಯಾಕೆ ಹೇಳುತ್ತಿದ್ದಾಳೆ? ಯೋಚನೆ ಎಲ್ಲಿ ಕಾಲಿಟ್ಟರೂ ಸರಿಯುತ್ತಿತ್ತು.

ಒಂಬತ್ತೂವರೆಗೆ ಮಂಜು ಹರಿದು ಬಿಸಿಲು ಬಂತು, ಜನ ಬಂದರು. ಪಿಕಪ್ಪುಗಳಿಂದ ಒಂದೊಂದೇ ಹಸು ಇಳಿಯಿತು. ಸುಮನಾ ಸಲಿಕೆ ಹಿಡಿದು ಸಗಣಿ ಬಿದ್ದಲ್ಲೆಲ್ಲ ಓಡಿ ಎತ್ತಿದಳು, ಗಂಜಲ ಬಿದ್ದಲ್ಲಿ ಒಣ ಹೊಟ್ಟು ಸುರಿದಳು. ಸಂಘದ ಹೆಂಗಸರು, ಇವಳಿಗೇನಾಗಿದೆ ಎಂಬಂತೆ ನೋಡಿದರು. ಆಗಲೇ ವೀರೇಶ್ ಇಬ್ಬರಿಂದ ಒಂದು ದೊಡ್ಡ ಸುರುಳಿ ಹೊರಿಸಿಕೊಂಡು ಬಂದ. ಮದುವೆ ಮಂಟಪದಲ್ಲಿ ಹಾಸುವ ಹಸಿರು ಮ್ಯಾಟು. ಮೂರನೆಯ ಕಂಬದ ಹತ್ತಿರ, ಪ್ರಾಣಿಗಳು ತಿರುಗಿ ತೀರ್ಪುಗಾರರ ಎದುರು ನಿಲ್ಲುವ ಜಾಗದಲ್ಲಿ, ಹೊಟ್ಟಿನ ಮೇಲೆಯೇ ಅದನ್ನು ಬಿಡಿಸಿ ಹಾಸಿಸಿದ. ಫೋಟೋದಲ್ಲಿ ಹೊಟ್ಟು ಹೊಲಸಾಗಿ ಕಾಣುತ್ತದಂತೆ. ಇದು ಜಾರುತ್ತದೆ ಎಂದು ಸುಮನಾ ಹೇಳಿದಳು. ಅವನು ಬೂಟುಗಾಲಲ್ಲಿ ಅದರ ಮೇಲೆ ನಡೆದು ತೋರಿಸಿ, ಎಲ್ಲಿ ಜಾರುತ್ತದೆ ಎಂದ. ಬೂಟಿಗೆ ಜಾರುತ್ತಿರಲಿಲ್ಲ.

ಮೊದಲ ಮೂರು ಹಸುಗಳು ಮ್ಯಾಟಿನ ಅಂಚಿನಲ್ಲಿ ಮೂಸಿ, ಹಿಂಜರಿದು, ಹೇಗೋ ದಾಟಿದವು. ಪ್ರತಿಯೊಂದು ದಾಟುವಾಗಲೂ ಸುಮನಾ ಅದರ ಗೊರಸುಗಳನ್ನೇ ನೋಡುತ್ತಿದ್ದಳು. ಬಹುಶಃ ಜಾರುವುದಿಲ್ಲ. ಬಹುಶಃ ಇದೆಲ್ಲ ತನ್ನ ತಲೆಯೊಳಗಿನದೇ. ಧ್ವನಿವರ್ಧಕದಲ್ಲಿ ಗಂಗಾಂಬಿಕೆಯ ಹೆಸರು ಕೂಗಿದರು. ಚೋಮ ಕಡಸನ್ನು ಹೊಟ್ಟಿನ ದಾರಿಯ ಮೇಲೆ ನಡೆಸಿಕೊಂಡು ಬಂದ, ಅವಸರವಿಲ್ಲದೆ, ಅದರ ಕುತ್ತಿಗೆಗೆ ತನ್ನ ಭುಜ ತಾಗುವಂತೆ. ಮುಂಗಾಲು ಮ್ಯಾಟಿನ ಮೇಲೆ ಬಂತು. ಹಿಂಗಾಲು ಬಂತು. ಮ್ಯಾಟು ಹೊಟ್ಟಿನ ಮೇಲೆ ಒಂದು ಗೇಣು ಸರಿಯಿತು, ಅದರೊಂದಿಗೆ ಎಡಗಾಲೂ ಹೊರಕ್ಕೆ ಸರಿಯಿತು. ಚೋಮ ಹಗ್ಗ ಸಡಿಲಬಿಟ್ಟು ಹಿಂದಕ್ಕೆ ಹೋಗಿ, ಕಡಸಿನ ಪಕ್ಕೆಗೆ ಭುಜ ಕೊಟ್ಟು ನಿಂತ. ಕಡಸು ನಡುಗುತ್ತ ನಿಂತಿತು. ಬೀಳಲಿಲ್ಲ. ಸುಮನಾ ಯಾವಾಗ ಜನರನ್ನು ತಡೆಯಲು ಕಟ್ಟಿದ್ದ ಹಗ್ಗ ದಾಟಿ ಒಳಗೆ ಹೋದಳೋ ಅವಳಿಗೇ ತಿಳಿಯಲಿಲ್ಲ. ಮ್ಯಾಟು ತೆಗೆಸಿ ಎಂದಳು. ವೀರೇಶ್ ಜನರ ಎದುರು ನಗುನಗುತ್ತಲೇ, “ಏನೂ ಆಗೋದಿಲ್ಲ ಮೇಡಂ, ಸುಮ್ನಿರಿ. ಹೋದ ವರ್ಷ ಇವನು ತಲೆ ಇಲ್ದೆ ನೆಲ ತೊಳ್ದ, ಅದಕ್ಕೆ ಹಾಗಾಯ್ತು. ಈ ಸಲ ನೀರೇ ಇಲ್ವಲ್ಲ” ಎಂದ.

“ಅವನಾಗಿ ತೊಳ್ದದ್ದಲ್ಲ. ನಾನು ಹೂಂ ಅಂದೆ” ಎಂದಳು ಸುಮನಾ.

ಒಂದು ವರ್ಷ ಹೇಳದೆ ಇಟ್ಟುಕೊಂಡಿದ್ದ ಮಾತು ಹೊರಬಿದ್ದಾಗ ಏನೋ ಆಗಿಬಿಡುತ್ತದೆಂದು ಅವಳು ನಂಬಿದ್ದಳು. ಏನೂ ಆಗಲಿಲ್ಲ. ವೀರೇಶನ ಮುಖದಲ್ಲಿ ನಗು ಹಾಗೇ ಇತ್ತು. ಯಾವುದಕ್ಕೆ ಹೂಂ ಅಂದಿರಿ ಮೇಡಂ ಎಂದು ಅವನು ನಿಜವಾಗಿ ಅರ್ಥವಾಗದೆ ಕೇಳಿದ. ಅವಳು ಮೊದಲಿನಿಂದ ಹೇಳಬೇಕಾಯಿತು. ಫೋನು, ಪಟ್ಟಿ, ಧೂಳು, ಚೋಮ ಕೇಳಿದ್ದು, ತಾನು ಪುಸ್ತಕದಲ್ಲಿ ಬರೆದದ್ದು. ಹೇಳುತ್ತ ಹೋದಂತೆ ಅದು ಸಣ್ಣದಾಗುತ್ತ, ನಗೆಪಾಟಲಾಗುತ್ತ ಹೋಯಿತು. ಹಿಂದೆ ಯಾವುದೋ ಹಸು ಗಂಜಲ ಹೊಯ್ಯುತ್ತಿತ್ತು, ಯಾರೋ ನಕ್ಕರು. ವೀರೇಶ್ ಕೊನೆಗೆ ನಗು ನಿಲ್ಲಿಸಿದ. ಇದನ್ನು ಆಗಲೇ ಹೇಳಬೇಕಿತ್ತು, ಈಗ ಮೀಟಿಂಗಿನಲ್ಲಿ ಇಡಬೇಕಾಗುತ್ತದೆ, ಸಂಘದವರೂ ನಿಮ್ಮ ಕೆಲಸದ ಬಗ್ಗೆ ಯೋಚಿಸಬೇಕಾಗುತ್ತದೆ ಎಂದು ತಣ್ಣಗೆ ಹೇಳಿದ. ಅವಳು ಕೇಳಿಸಿಕೊಳ್ಳುತ್ತಲೇ ಬಾಗಿ ಮ್ಯಾಟಿನ ಒಂದು ತುದಿ ಹಿಡಿದು ಎಳೆಯತೊಡಗಿದಳು. ಭಾರವಾಗಿತ್ತು. ಇನ್ನೊಂದು ತುದಿಯನ್ನು ಗಂಗಾಂಬಿಕೆ ಹಿಡಿದಳು. ಇಬ್ಬರೂ ಸೇರಿ ಸುರುಳಿ ಸುತ್ತಿದರು.

ಸುತ್ತುತ್ತ ಗಂಗಾಂಬಿಕೆ ತಲೆಯೆತ್ತದೆ ಹೇಳಿದಳು: “ನಂಗೆ ಆವತ್ತೇ ಗೊತ್ತಿತ್ತು. ನಾನು ಬೆಳ್ಳಿ ಹಿಡ್ಕೊಂಡು ಆ ಕಂಬದ ಆಚೆಗೇ ನಿಂತಿದ್ದೆ. ನೀನು ಹೇಳ್ತೀಯೇನೋ ಅಂತ ದಿನಾ ಕ್ಯಾನು ತಂದು ನಿನ್ನ ಮುಂದೆ ಇಡ್ತಿದ್ದೆ.”

ಸುಮನಾ ಏನಾದರೂ ಹೇಳುವ ಮೊದಲೇ ಗಂಗಾಂಬಿಕೆ ಸುರುಳಿಯನ್ನು ಕಾಲಿನಿಂದ ಬದಿಗೆ ಉರುಳಿಸಿ ಹೋಗಿಬಿಟ್ಟಳು. ಕಡಸಿನ ಪಕ್ಕೆಗೆ ಒರಗಿಯೇ ಇದ್ದ ಚೋಮನ ಎದುರು ಸುಮನಾ ಒಬ್ಬಳೇ ಉಳಿದಳು. ಕ್ಷಮಿಸು ಅನ್ನಬೇಕೋ, ಕ್ಷಮಿಸಿ ಅನ್ನಬೇಕೋ, ವಯಸ್ಸಿನಲ್ಲಿ ಹಿರಿಯನಾದ ಇವನನ್ನು ಇಷ್ಟು ವರ್ಷ ಏಕವಚನದಲ್ಲೇ ಕರೆದದ್ದು ಈಗ ನಾಲಿಗೆಗೆ ತೊಡರಿತು. ಅವನೇ ಮೆಲ್ಲಗೆ ಮಾತೆತ್ತಿದ.

“ನೀವು ಹೂಂ ಅಂದಿದ್ದು ಫೋನಿಗಮ್ಮ. ನಂಗೆ ಗೊತ್ತಿತ್ತು.”

“ಮತ್ಯಾಕೆ ತೊಳ್ದೆ?”

ಚೋಮ ಕಡಸಿನ ಬೆನ್ನ ಮೇಲೆ ಕೂತ ನೊಣವನ್ನು ಅಟ್ಟಿದ. “ಎರಡು ಸಲ ಕೇಳಿದ್ದೆ. ನೀವು ತಿರುಗ್ಲಿಲ್ಲ. ಮೂರನೇ ಸಲ ಕೇಳ್ಲಿಕ್ಕೆ ನಾಚ್ಕೆ ಆಯ್ತು.”

ಅವನು ಹಗ್ಗ ಎತ್ತಿಕೊಂಡ. ಕಡಸು ಹೊಟ್ಟಿನ ಮೇಲೆ ಕಾಲೂರಿ, ತಿರುಗಿ, ತೀರ್ಪುಗಾರರ ಎದುರು ಹೋಗಿ ನಿಂತಿತು. ಅವರು ಅದರ ಬೆನ್ನು, ತೊಡೆ, ಕಾಲಿನ ನಿಲುವು ನೋಡಿ ಏನೋ ಬರೆದುಕೊಂಡರು. ಸುಮನಾ ಕಂಬ ಹಿಡಿದು ನಿಂತಿದ್ದಳು. ಒಂದು ವರ್ಷ ಅವಳು ಒಂದು ಅಕ್ಷರವನ್ನು ಹುಡುಕಿದ್ದಳು, ಅದು ಚೋಮನಿಗೋ ಫೋನಿಗೋ ಎಂದು. ಈಗ ಅದು ಫೋನಿಗೇ ಎಂದು ಸಾಕ್ಷಿಯೇ ಹೇಳಿದ್ದ. ಹಾಗಾದರೆ ತಪ್ಪಿಲ್ಲ. ಹಾಗಿದ್ದೂ ಮೊದಲು ಯಾವ ಹೊತ್ತಿನಲ್ಲೂ ಇಷ್ಟು ತಪ್ಪಿತಸ್ಥಳೆಂದು ಅನ್ನಿಸಿರಲಿಲ್ಲ. ಎರಡು ಸಲ ಕೇಳಿದನಂತೆ. ಅವಳಿಗೆ ನೆನಪಿದ್ದದ್ದು ಒಂದೇ ಸಲ. ಇನ್ನೊಂದು ಸಲ ಅವನು ಎಲ್ಲಿ ನಿಂತಿದ್ದ, ಯಾವ ದನಿಯಲ್ಲಿ ಕೇಳಿದ್ದ, ಆಗ ತಾನೇನು ಮಾಡುತ್ತಿದ್ದೆ ಎಂದು ಎಷ್ಟು ಕೆದಕಿದರೂ ಅಲ್ಲಿ ಏನೂ ಇರಲಿಲ್ಲ, ಬರೀ ಖಾಲಿ.

ಬಹುಮಾನ ಬೇರೆ ಹಳ್ಳಿಯ ಯಾರದೋ ಕಡಸಿಗೆ ಹೋಯಿತು. ಮೂವತ್ತೆರಡರಲ್ಲಿ ಒಂದೂ ಬೀಳಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ. ಬೀಳದಿರುವುದನ್ನು ಯಾರು ನೋಡುತ್ತಾರೆ. ಎಲ್ಲ ಗುಡಿಸಿ ಮುಗಿಸುವಷ್ಟರಲ್ಲಿ ಮುತ್ತಿನಕೊಪ್ಪದ ಕಡೆಯ ಬಸ್ಸು ಹೊರಟುಹೋಗಿತ್ತು. ಸಂಘದ ಹೆಂಗಸರು ಇವಳಿಗೆ ಹೇಳದೆಯೇ ಹೋಗಿದ್ದರು. ರಸ್ತೆ ಬದಿಯಲ್ಲಿ ನಿಂತಿದ್ದಾಗ ರೇಣುಕಪ್ಪನ ಪಿಕಪ್ಪು ಬಂದು ನಿಂತಿತು. ಮುಂದೆ ಗಂಡನ ಪಕ್ಕದಲ್ಲಿ ಕೂತಿದ್ದ ಗಂಗಾಂಬಿಕೆ ಅವಳ ಮುಖ ನೋಡದೆ, ಹಿಂದೆ ಹತ್ತು ಎಂದಳು. ಕರೆದದ್ದೋ, ಅಪ್ಪಣೆಯೋ ತಿಳಿಯಲಿಲ್ಲ. ಸುಮನಾ ಸೀರೆ ಎತ್ತಿ ಹಿಡಿದು ಹತ್ತಿದಳು. ನಡುವೆ ಕಡಸು, ಆ ಬದಿಗೆ ಚೋಮ, ಈ ಬದಿಗೆ ಅವಳು. ಕೂರಲು ಜಾಗವಿರಲಿಲ್ಲ. ಗಾಡಿ ಹೊರಟಿತು. ತಿರುವಿನಲ್ಲಿ ಕಡಸು ಆಯ ತಪ್ಪಿ ಪೂರ್ತಿ ಅವಳ ಮೇಲೆ ವಾಲಿತು. ಬೆನ್ನಿಗೆ ಕಬ್ಬಿಣದ ಸರಳು ಒತ್ತಿ ಉಸಿರು ಕಟ್ಟಿದಂತಾಯಿತು. ಪಕ್ಕಕ್ಕೆ ಜರುಗಿಕೊಳ್ಳಲು ಕಾಲೆತ್ತಿದಳು.

“ಸರೀಬೇಡಿ ಅಮ್ಮ. ನೀವು ಸರಿದ್ರೆ ಅದು ಬೀಳ್ತದೆ” ಎಂದ ಚೋಮ, ಕಡಸಿನ ಆಚೆಯಿಂದ. ಅವನ ಮುಖ ಅವಳಿಗೆ ಕಾಣಿಸುತ್ತಿರಲಿಲ್ಲ.

ಕಡಸಿನ ಪಕ್ಕೆ ಬಿಸಿಯಾಗಿತ್ತು. ಒಳಗೆ ಅದರ ಎದೆ ದಬದಬ ಬಡಿಯುವುದು ಅವಳ ತೋಳಿಗೆ ತಾಗುತ್ತಿತ್ತು. ಮುಂದಿನ ತಿರುವು ಬಂತು, ಅದರ ಮುಂದಿನದೂ ಬಂತು. ಸುಮನಾ ಎರಡೂ ಕಾಲನ್ನು ಅಗಲಿಸಿ ಊರಿ, ಭುಜ ಕೊಟ್ಟು ನಿಂತೇ ಇದ್ದಳು.